ರಾಯಾಪುರದ ಹಿಂದಿನ ಕೋಣೆ

ನಮ್ಮ ಸರ್ ನನಗೆ ಕೆಟ್ಟದ್ದು ಮಾಡಬೇಕೆಂದು ಹೊರಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟದ್ದು ಮಾಡಬೇಕೆಂದೇ ಮಾಡಿದ್ದರೆ ನಾನೂ ನಾಲ್ಕು ಬೈದು, ಕೈ ತೊಳೆದುಕೊಂಡು, ಇಷ್ಟೊತ್ತಿಗೆ ಮರೆತಿರುತ್ತಿದ್ದೆ. ಅವರು ಮಾಡಿದ್ದು ಉಪಕಾರ. ಆ ಉಪಕಾರ ಇನ್ನೂ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ.

ನಾನಾಗ ಧಾರವಾಡದ ಸಪ್ತಾಪುರದಲ್ಲಿದ್ದ ಒಂದು ಖಾಸಗಿ ಕಾಲೇಜಿನಲ್ಲಿ ಪಿಯುಸಿ ಮೊದಲ ವರ್ಷ ಓದುತ್ತಿದ್ದೆ, ಸೈನ್ಸ್. ಮನೆ ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ. ಆ ವರ್ಷ ಕಾಲೇಜಿನವರು ಹೊಸ ವ್ಯವಸ್ಥೆಯೊಂದನ್ನು ತಂದರು. ಬೆಳಿಗ್ಗೆ ಕ್ಲಾಸು, ವಾರದಲ್ಲಿ ಕೆಲವು ಮಧ್ಯಾಹ್ನ ಹೊರಗೆ ಎಲ್ಲಾದರೂ ಟ್ರೇನಿಯಾಗಿ ಕೆಲಸ. ಗ್ಯಾರೇಜು, ಔಷಧಿ ಅಂಗಡಿ, ಕಂಪ್ಯೂಟರ್ ಸೆಂಟರು, ರಕ್ತ ಪರೀಕ್ಷೆಯ ಲ್ಯಾಬು, ಹೀಗೆ. ಕೆಲಸಕ್ಕೆ ಸಂಬಳವೂ ಇತ್ತು, ಕಾಲೇಜಿನ ಅಂಕಗಳಲ್ಲಿ ಅದಕ್ಕೊಂದು ಪಾಲೂ ಇತ್ತು. ಕಲಿಯುತ್ತ ಗಳಿಸಿರಿ ಎಂದು ದೊಡ್ಡ ಬ್ಯಾನರು ಬರೆಸಿ ಗೇಟಿಗೆ ಕಟ್ಟಿದ್ದರು.

ನನಗೆ ಲ್ಯಾಬು ಬೇಕಿತ್ತು. ಹೈಸ್ಕೂಲಿನಲ್ಲಿ ನಮಗಿದ್ದದ್ದು ಒಂದೇ ಮೈಕ್ರೋಸ್ಕೋಪು, ಅದೂ ಕಪಾಟಿನೊಳಗೆ, ಕಪಾಟಿಗೆ ಬೀಗ. ಒಮ್ಮೆ ಮಾತ್ರ ಹೊರಗೆ ತೆಗೆದು, ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೂ ಇಷ್ಟಿಷ್ಟು ತೋರಿಸಿದ್ದರು. ಈರುಳ್ಳಿಯ ಸಿಪ್ಪೆ. ನಾನು ಕಣ್ಣು ತೆಗೆಯಲೇ ಇಲ್ಲ ಎಂದು ಹಿಂದಿನ ಹುಡುಗಿ ನನ್ನ ಜಡೆ ಹಿಡಿದು ಎಳೆದಿದ್ದಳು. ಆವತ್ತಿನಿಂದ ನನಗೆ ಅದರ ಹುಚ್ಚು. ಜೀವಶಾಸ್ತ್ರದಲ್ಲಿ ಕ್ಲಾಸಿಗೆ ನಾನೇ ಮುಂದಿದ್ದೆ. ಜಂಬ ಎಂದುಕೊಳ್ಳುವವರು ಅಂದುಕೊಳ್ಳಲಿ.

ಯಾರಿಗೆ ಯಾವ ಕೆಲಸ ಎಂದು ಹಂಚುವವರು ಫಿಸಿಕ್ಸ್ ಸರ್. ಒಳ್ಳೆಯ ಪಾಠ ಮಾಡುತ್ತಿದ್ದರು, ದನಿ ಏರಿಸುತ್ತಿರಲಿಲ್ಲ, ಹುಡುಗಿಯರನ್ನು ‘ತಂಗಿ’ ಎಂದೇ ಕರೆಯುತ್ತಿದ್ದರು. ಅವರು ಅಂಕ ನೋಡಲಿಲ್ಲ, ಆಸೆ ಏನು ಎಂದೂ ಕೇಳಲಿಲ್ಲ. ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದ್ದು ಇಷ್ಟೇ: “ನಿಮ್ಮ ಮನ್ಯಾಗ ಏನು ಉದ್ಯೋಗ?”

ನಮ್ಮ ಕ್ಲಾಸಿನಲ್ಲಿ ಒಬ್ಬ ಸಾಬರ ಹುಡುಗನಿದ್ದ, ತಂದೆ ಮೆಕ್ಯಾನಿಕ್. ಅವನು ಕಂಪ್ಯೂಟರ್ ಸೆಂಟರು ಕೇಳಬೇಕೆಂದು ಹಿಂದಿನ ದಿನದಿಂದ ಕುಣಿಯುತ್ತಿದ್ದ. ‘ಗ್ಯಾರೇಜ್ರಿ’ ಎಂದು ಅವನು ಬಾಯಿ ಬಿಡುವುದೇ ತಡ, ಸರ್ ಅವನನ್ನು ಗ್ಯಾರೇಜಿಗೆ ಹಾಕಿಬಿಟ್ಟರು. ಔಷಧಿ ಅಂಗಡಿಯವರ ಮಗಳು ಔಷಧಿ ಅಂಗಡಿಗೆ. ಬಡಿಗೇರ ಹುಡುಗ ಫರ್ನಿಚರ್ ಕಾರ್ಖಾನೆಗೆ.

ನನ್ನ ಸರದಿ ಬಂತು. “ಅಪ್ಪ ಹೈಸ್ಕೂಲ್ ಮಾಸ್ತರ್ರಿ, ಗಣಿತ ಕಲಿಸ್ತಾರ್ರಿ. ಅವ್ವ ಪಂಚಾಯ್ತಿ ಆಫೀಸಿನ್ಯಾಗ ಕ್ಲಾರ್ಕ್ ಅದಾಳ್ರಿ” ಎಂದೆ.

“ಅದು ಗೊತ್ತದ. ಅದಕ್ಕೂ ಮೊದಲ?”

“ಮೊದಲ ಅಂದ್ರರಿ?”

ಸರ್ ಮುಗುಳ್ನಕ್ಕರು. ಎಲ್ಲರೆದುರಿಗೆ ನನಗೆ ನಾಚಿಕೆಯಾಗಬಾರದು ಎಂದು ಕ್ಲಾಸು ಮುಗಿದ ಮೇಲೆ ವರಾಂಡಕ್ಕೆ ಕರೆದರು. ನಾಚಿಕೆಯಾಗುವಂಥದ್ದು ಏನಿದೆ ಎಂದು ಅವರೇ ತೀರ್ಮಾನಿಸಿಯೂ ಬಿಟ್ಟಿದ್ದರು.

“ರಾಯಾಪುರದಾಗ ನಮ್ಮ ಗುರ್ತಿನವರದ ಒಂದು ಛಲೋ ಕಾರ್ಖಾನಿ ಅದ, ತಂಗಿ. ಶುಗರ್ ಇದ್ದವರಿಗೆ, ಕಾಲು ಸೊಟ್ಟ ಇದ್ದವರಿಗೆ ಚಪ್ಪಲಿ ಮಾಡ್ತಾರ. ನಾನೂ ಅಲ್ಲೇ ಮಾಡಸ್ತೇನಿ. ನಿನಗ ಕಲೀಲಿಕ್ಕೆ ತ್ರಾಸ ಆಗೂದಿಲ್ಲ, ಅದು ರಕ್ತದಾಗ ಇರ್ತದ. ಮತ್ತ ನೀ ಮನಿಗೆ ಹೋಗೂ ದಾರ್ಯಾಗನ ಬರ್ತದಲ್ಲ, ಇಳದ್ರ ಆತು.”

ಬಿಡಿಸಿ ಹೇಳಬೇಕೆ? ಹೇಳುತ್ತೇನೆ. ನನ್ನ ಮುತ್ತಜ್ಜ ಚರ್ಮದ ಕೆಲಸ ಮಾಡುತ್ತಿದ್ದ. ಅಜ್ಜನೂ ಕೆಲವು ವರ್ಷ ಮಾಡಿ, ಬಿಟ್ಟು, ರೈಲ್ವೆಗೆ ಸೇರಿದ. ಬುದ್ಧನ ದಾರಿ ಹಿಡಿದವನೂ ಅವನೇ. ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಬುದ್ಧನಿದ್ದಾನೆ, ಪಕ್ಕದಲ್ಲಿ ನೀಲಿ ಕೋಟಿನವರಿದ್ದಾರೆ, ಕೆಳಗೆ ಅಪ್ಪನ ಪುಸ್ತಕಗಳಿವೆ. ನಾನು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಚರ್ಮ ಕಂಡದ್ದು ಅಪ್ಪನ ಬೆಲ್ಟಿನಲ್ಲಿ ಮಾತ್ರ. ಮನೆಯ ಉದ್ಯೋಗವೇ ಲೆಕ್ಕವಾದರೆ ಸರ್ ನನ್ನ ಕೈಗೆ ಚಾಕ್‌ಪೀಸು ಕೊಟ್ಟು ಶಾಲೆಗೆ ಕಳಿಸಬೇಕಿತ್ತು. ಎರಡು ತಲೆಮಾರು ಓದಿದ್ದು ಅವರ ಕಣ್ಣಿಗೆ ಬೀಳಲೇ ಇಲ್ಲ. ರಕ್ತದಲ್ಲಿ ಏನೇನಿರುತ್ತದೆ ಎಂದು ನೋಡಲಿಕ್ಕೆಂದೇ ನಾನು ಲ್ಯಾಬು ಕೇಳಬೇಕೆಂದುಕೊಂಡದ್ದು. ನೋಡದೆಯೇ ಹೇಳಿಬಿಟ್ಟರು ಪುಣ್ಯಾತ್ಮರು.

ಬಸ್‌ಸ್ಟಾಪಿನಲ್ಲಿ ಮೆಕ್ಯಾನಿಕ್ಕನ ಮಗ ನಗುತ್ತಿದ್ದ. “ಮನ್ಯಾಗ ನಮ್ಮಪ್ಪ ಪುಕ್ಕಟ ಬೈತಾನ, ಅಲ್ಲಿ ಬೈಸ್ಕೊಳ್ಳಾಕ ಪಗಾರ ಕೊಡ್ತಾರಲೇ” ಎಂದ. ಅವನ ನಗು ನೋಡಿ ನನ್ನ ಮೈ ಉರಿಯಿತು. “ನಗಬ್ಯಾಡ, ಒದೀತೇನಿ ನೋಡು” ಎಂದೆ. ಅವನಿಗೂ ಕೀಬೋರ್ಡಿನ ಆಸೆ ಹೋಗಿತ್ತು, ಆದರೆ ಅವನು ನಕ್ಕು ನುಂಗಿಕೊಂಡ. ನನಗೆ ಆ ವಿದ್ಯೆ ಬರುವುದಿಲ್ಲ.

ಅಪ್ಪ ಬಂದು ಜಗಳ ಮಾಡುತ್ತಾನೆ ಎಂದುಕೊಂಡಿದ್ದೆ. ಅಪ್ಪ ಬಂದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಸ್ಟಾಫ್ ರೂಮಿನಲ್ಲಿ ಸರ್ ಎದ್ದು ನಿಂತು ನಮಸ್ಕಾರ ಮಾಡಿದರು, ಕುರ್ಚಿ ಹಾಕಿಸಿದರು. “ನೀವು ಕಷ್ಟಪಟ್ಟು ಮುಂದ ಬಂದೀರಿ, ಭಾಳ ಛಲೋ ಆತು” ಎಂದರು. ಅಪ್ಪ “ಹೌದ್ರಿ” ಎಂದ. ನನ್ನ ಅಂಕಗಳ ಮಾತು ತೆಗೆದ, ಲ್ಯಾಬಿನ ಮಾತು ತೆಗೆದ, ಎಲ್ಲಕ್ಕೂ ಒಂದೊಂದು ‘ರಿ’ ಹಚ್ಚಿ ತೆಗೆದ. ಲ್ಯಾಬಿನವರು ದಸರೆ ರಜೆ ಮುಗಿದ ಮೇಲೆಯೇ ಒಬ್ಬರನ್ನು ತೆಗೆದುಕೊಳ್ಳುವುದಂತೆ. “ಅಲ್ಲೀತನಕ ರಾಯಾಪುರದಾಗ ಮಾಡ್ಲಿ. ಅಲ್ಲಿ ಆಗ್ಲಿಲ್ಲಂದ್ರ ಲ್ಯಾಬಿಗೆ ನೋಡೂಣು” ಎಂದರು ಸರ್.

ಹೊರಗೆ ಬಂದ ಮೇಲೆ ನಾನು ಅಪ್ಪನನ್ನು ಬಿಟ್ಟು ಮುಂದೆ ಮುಂದೆ ನಡೆದೆ. “ದಸರಾ ತನಕ ಹಲ್ಲ ಕಚ್ಚಿ ಹಿಡಿ. ಮಾರ್ಕ್ಸ್ ಅವರ ಕೈಯಾಗ ಅದಾವು” ಎಂದ ಅಪ್ಪ. ಗಣಿತದ ಮಾಸ್ತರನ ಲೆಕ್ಕ ಸರಿಯೇ ಇತ್ತು. ಆದರೂ ಆ ‘ಹೌದ್ರಿ’ಗೆ ನಾನು ಅವನನ್ನು ಬಹಳ ದಿನ ಕ್ಷಮಿಸಲಿಲ್ಲ.

ರಾಯಾಪುರದ ಆ ಜಾಗಕ್ಕೆ ಎರಡು ಕೋಣೆ. ಮುಂದಿನದು ಗಾಜಿನ ಬಾಗಿಲಿನದು. ತಣ್ಣಗೆ ಎ.ಸಿ. ಇತ್ತು, ಪಾದ ಇಟ್ಟರೆ ಪರದೆಯ ಮೇಲೆ ಅದರ ಚಿತ್ರ ಮೂಡಿಸುವ ಯಂತ್ರವಿತ್ತು. ಮಾಲಕರು ಬಿಳಿ ಕೋಟು ಹಾಕಿಕೊಂಡು ಅಳತೆ ತೆಗೆಯುತ್ತಿದ್ದರು. ಬಂದವರು ಅವರನ್ನು ‘ಡಾಕ್ಟರ್ರೇ’ ಎನ್ನುತ್ತಿದ್ದರು, ಅವರು ಅಲ್ಲ ಎನ್ನುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಚರ್ಮ, ಅಂಟು, ಹೊಲಿಗೆ ಯಂತ್ರ, ಮತ್ತು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡ ಒಬ್ಬ ಕೆಲಸಗಾರ. ಮೊದಲ ದಿನವೇ ಮಾಲಕರು ನನ್ನನ್ನು ಮುಂದಿನ ಕೋಣೆ ದಾಟಿಸಿ ಹಿಂದಕ್ಕೆ ಕರೆದುಕೊಂಡು ಹೋದರು.

“ಸರ್, ನನಗ ಅಳತಿ ತಗಿಯೂದು ಕಲಸ್ರಿ. ನಾ ಸೈನ್ಸ್ ಅದೇನ್ರಿ” ಎಂದೆ.

“ಅದಕ್ಕ ಬ್ಯಾರೇವ್ರು ಅದಾರ. ನಿನಗ ಇದು ಹಗರ ಬೀಳ್ತೈತಿ.”

“ನನಗ ಇದು ಬರಂಗಿಲ್ರಿ.”

“ಬರ್ತೈತಿ, ಬರ್ತೈತಿ. ಕೈಗೆ ನೆನಪ ಇರ್ತೈತಿ” ಎಂದು ನಕ್ಕು ಹೋದರು. ಆ ಕೆಲಸಗಾರನಿಗೂ ಹಾಗೇ ಹೇಳಿಟ್ಟಿದ್ದರೋ ಏನೋ, ಅವನು ನನಗೆ ಏನನ್ನೂ ಹೇಳಿಕೊಡಲಿಲ್ಲ. ಬಕಲ್ ಆರಿಸುವುದು, ಅಂಟಿನ ಡಬ್ಬಿ ಮುಚ್ಚುವುದು, ಚೂರುಗಳನ್ನು ಗುಡಿಸುವುದು. ಟ್ರೇನಿ ಎಂದರೆ ತರಬೇತಿ ಪಡೆಯುವವಳು ಎಂದು ನಾನು ತಿಳಿದಿದ್ದೆ. ಎಲ್ಲ ಗೊತ್ತಿದ್ದವಳಿಗೆ ತರಬೇತಿ ಯಾಕೆ ಎಂದು ಅವರು ತಿಳಿದಿದ್ದರು.

ಮೊದಲ ದಿನ ಸಂಜೆ ಮನೆಗೆ ಹೋದಾಗ ಆಯಿ, ಎಂದರೆ ಅಪ್ಪನ ಅವ್ವ, ಹೊಸ್ತಿಲ ಹತ್ತಿರ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಕಣ್ಣು ಮಂದ, ಮೂಗು ಮಂದವಲ್ಲ. ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

“ಈ ವಾಸನಿ ಈ ಮನಿಗೆ ಹೆಂಗ ಬಂತು?” ಎಂದಳು.

ಹೇಳಿದೆ. ಆಯಿಯ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಆಮೇಲೆ ಸರ್‌ಗೆ, ಮಾಲಕರಿಗೆ, ಕಾಲೇಜಿನ ಗೇಟಿಗೆ, ಎಲ್ಲರಿಗೂ ಸೇರಿಸಿ ಬೈದಳು. “ಅವನ ಬಾಯಾಗ ಮಣ್ಣ ಬೀಳ್ಲಿ. ಮನಿ ಮೊಮ್ಮಗಳನ್ನ ತಿರುಗಿ ಅಲ್ಲೇ ಕುಂದ್ರಸ್ಯಾನಲ್ಲ, ಅವನ ಸೈನ್ಸ್ ಸುಡ್ಲಿ” ಎಂದಳು. ನನ್ನ ಸಿಟ್ಟು ಎಲ್ಲಿಂದ ಬಂದದ್ದು ಎಂದು ನನಗೆ ಗೊತ್ತಿದೆ. ರಕ್ತದಲ್ಲಿ ಬಂದದ್ದೇನಾದರೂ ಇದ್ದರೆ ಅದೊಂದೇ.

ದಸರೆಗೆ ಇನ್ನೂ ಸ್ವಲ್ಪ ದಿನವಿದ್ದಾಗ ಕೆಲಸಗಾರ ಮದುವೆಗೆಂದು ತನ್ನ ಊರಿಗೆ ಹೋದ. ಅದೇ ವಾರ ಒಂದು ಜೋಡಿ ಚಪ್ಪಲಿ ಆಗಬೇಕಿತ್ತು. ಕೆಳಗಿನ ಅಟ್ಟೆಗಳು ಸಿದ್ಧವಿದ್ದವು, ಮೇಲಿನ ಪಟ್ಟಿಗಳನ್ನು ಕತ್ತರಿಸಿ, ಅಂಚು ಮಡಚಿ ಅಂಟಿಸಿದರೆ ಹೊಲಿಗೆಯನ್ನು ಹೊರಗೆ ಮಾಡಿಸುತ್ತೇನೆ ಎಂದರು ಮಾಲಕರು.

“ನಿಮ್ಮ ಸರ್‌ದ ಐತಿ. ನಾಳೆ ಛಂದಗೆ ಮಾಡಿಕೊಡು.”

“ನನಗ ಬರಂಗಿಲ್ರಿ. ಒಮ್ಮೆ ತೋರಿಸ್ರಿ.”

“ಏ, ನಿಮಗ ನಾವ್ ತೋರಸೂದೇನವಾ?”

ತೋರಿಸಲಿಲ್ಲ, ಯಾಕೆಂದರೆ ಅವರಿಗೂ ಬರುತ್ತಿರಲಿಲ್ಲ. ಇದು ನನಗೆ ಆಮೇಲೆ ಹೊಳೆದದ್ದು. ಅವರು ಪಾದ ಮುಟ್ಟುತ್ತಿದ್ದರು, ಚರ್ಮ ಮುಟ್ಟುತ್ತಿರಲಿಲ್ಲ.

ಆವತ್ತು ಮನೆಗೆ ಹೋಗಿ ಆಯಿಯನ್ನು ಕೇಳಿದೆ. ನಾಚಿಕೆ ಬಿಟ್ಟು ಕೇಳಿದೆ. ಅವಳ ಕಾಲದಲ್ಲಿ ಅವಳೂ ಗಂಡನ ಪಕ್ಕ ಕೂತು ಪಟ್ಟಿ ಮಡಚಿದವಳು. “ಆಯಿ, ಅಂಚು ಹೆಂಗ ಮಡಚೂದು, ಅಷ್ಟ ಹೇಳು.”

ಆಯಿ ನನ್ನ ಮುಖವನ್ನೇ ನೋಡಿದಳು. “ನನಗ ಗೊತ್ತೈತಿ. ಹೇಳಂಗಿಲ್ಲ.”

“ಯಾಕ?”

“ಅದನ್ನ ಮರೀಬೇಕಂತ ನಾ ಎಷ್ಟ್ ವರ್ಷ ಕಷ್ಟಪಟ್ಟೇನಿ, ನಿನಗ್ಯಾಕ ಹೇಳಿಕೊಡ್ಲಿ? ನಿನ್ನ ಕೈಯಾಗ ಪೆನ್ ಇರ್ಲಿ ಅಂತ ನಿಮ್ಮಜ್ಜ ಹತ್ಯಾರದ ಪೆಟಗಿ ಮುಚ್ಚಿದ. ನಾ ತೆಗಿಯಂಗಿಲ್ಲ.”

ಆಗ ನನಗೆ ಅವಳ ಮೇಲೂ ಸಿಟ್ಟು ಬಂತು. ಒಂದೇ ಒಂದು ಮಾತು ಹೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು ಎಂದು ಊಟ ಬಿಟ್ಟು ಮಲಗಿದೆ. ಅವಳೂ ಊಟ ಮಾಡಲಿಲ್ಲವಂತೆ.

ಮರುದಿನ ಕತ್ತರಿಸಿದೆ. ಬೇಕಂತ ಕೆಡಿಸಿದಳು ಎಂದು ಮುಂದೆ ಕೆಲವರು ಆಡಿಕೊಂಡರು. ಇಲ್ಲ. ಕೆಡಿಸಬೇಕೆಂದರೂ ಸರಿಯಾದದ್ದು ಯಾವುದು ಎಂದು ಗೊತ್ತಿರಬೇಕಲ್ಲ. ನಾನು ಅಳತೆಗೆ ಸರಿಯಾಗಿ ಗೆರೆ ಹಾಕಿದೆ, ನೀಟಾಗಿ ಕೊಯ್ದೆ, ಅಂಚನ್ನು ಒಳಕ್ಕೆ ಮಡಚಿ ಅಂಟು ಹಚ್ಚಿ ಒತ್ತಿದೆ. ಹೆಬ್ಬೆರಳು ಕೊಯ್ದುಕೊಂಡೆ. ಹೊಲಿದು ಬಂದ ಮೇಲೆ ಚಪ್ಪಲಿ ಹೊರಗಿನಿಂದ ಬಹಳ ಚೆನ್ನಾಗಿ ಕಾಣುತ್ತಿತ್ತು. ಮಾಲಕರು ಅದನ್ನು ಎತ್ತಿ ನೋಡಿ, “ಹೇಳಿದ್ನೆಲ್ಲ, ಕೈಗೆ ನೆನಪ ಇರ್ತೈತಿ” ಎಂದರು.

ಸರ್ ಅದನ್ನು ಹಾಕಿಕೊಂಡು ಕ್ಲಾಸಿಗೆ ಬಂದರು. ಪಾಠ ಶುರು ಮಾಡುವ ಮೊದಲು ಒಂದು ಕಾಲನ್ನು ಸ್ವಲ್ಪ ಮುಂದಿಟ್ಟು, “ನೋಡ್ರಿ, ಇದು ನಮ್ಮ ವಿದ್ಯಾರ್ಥಿನಿ ಮಾಡಿದ್ದು” ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೆಕ್ಯಾನಿಕ್ಕನ ಮಗ ಮಾತ್ರ ತಟ್ಟಲಿಲ್ಲ, ತಲೆ ತಗ್ಗಿಸಿ ಕೂತಿದ್ದ. ಜೀವಶಾಸ್ತ್ರದಲ್ಲಿ ಮುಂದೆ ಬಂದದ್ದಕ್ಕೆ ಆ ಕ್ಲಾಸಿನಲ್ಲಿ ನನಗೆ ಯಾರೂ ಎಂದೂ ಚಪ್ಪಾಳೆ ತಟ್ಟಿರಲಿಲ್ಲ. ನಿಂತಲ್ಲೇ ನನಗೆ ಆ ಬೆಂಚನ್ನು ಎತ್ತಿ ಒಗೆಯಬೇಕೆನಿಸಿತು.

ಶುಗರ್ ಬಹಳ ದಿನದಿಂದ ಇದ್ದವರಿಗೆ ಪಾದದಲ್ಲಿ ನೋವು ಸರಿಯಾಗಿ ಗೊತ್ತಾಗುವುದಿಲ್ಲ. ಸರ್‌ಗೂ ಗೊತ್ತಾಗಲಿಲ್ಲ. ಮನೆಯ ನೆಲದ ಮೇಲೆ ರಕ್ತದ ಕಲೆ ಕಂಡು ಅವರ ಹೆಂಡತಿ ಗಾಬರಿಯಾಗಿ ಕಾಲು ಎತ್ತಿ ನೋಡಿದರಂತೆ. ಬಲಗಾಲಿನ ಮೇಲ್ಭಾಗದಲ್ಲಿ ಪಟ್ಟಿ ತಿಕ್ಕಿ ಹುಣ್ಣಾಗಿತ್ತು. ಚಿಕ್ಕದು, ಬೇಗ ನೋಡಿದ್ದೀರಿ, ವಾಸಿಯಾಗುತ್ತದೆ ಎಂದರಂತೆ ಡಾಕ್ಟರು, ಖರೇ ಡಾಕ್ಟರು.

ನಾನು ರಾಯಾಪುರದಲ್ಲಿದ್ದ ದಿನವೇ ಸರ್ ಅಲ್ಲಿಗೆ ಕುಂಟುತ್ತ ಬಂದರು. ಚಪ್ಪಲಿಯನ್ನು ಮೇಜಿನ ಮೇಲಿಟ್ಟರು. ಅಷ್ಟೊತ್ತಿಗೆ ಊರಿನಿಂದ ಮರಳಿದ್ದ ಕೆಲಸಗಾರ ಬಂದು ಪಟ್ಟಿಯೊಳಗೆ ಬೆರಳಾಡಿಸಿದ. ಅಂಚನ್ನು ಮಡಚುವ ಮೊದಲು ಕೆತ್ತಿ ತೆಳ್ಳಗೆ ಮಾಡಬೇಕು, ಇಲ್ಲದಿದ್ದರೆ ಒಳಗೆ ಗಟ್ಟಿ ಏಣು ಉಳಿದು ತಿಕ್ಕುತ್ತದೆ ಎಂದ. ಇಷ್ಟೇ ಮಾತು. ಇದನ್ನು ಹೇಳಲಿಕ್ಕೆ ಆ ಊರಿನಲ್ಲಿ ಒಬ್ಬರಿಗೂ ಬಾಯಿ ಇರಲಿಲ್ಲ.

“ನಿನಗ ಬರ್ತದಂತ ತಿಳದಿದ್ದೆ, ತಂಗಿ” ಎಂದರು ಸರ್.

“ಬರಂಗಿಲ್ಲಂತ ಹೇಳಿದ್ನೆಲ್ರಿ. ರಕ್ತದಾಗ ಇರ್ತದ ಅಂದವ್ರು ನೀವ್ರಿ, ಕೈಗೆ ನೆನಪ ಇರ್ತೈತಿ ಅಂದವ್ರು ಇವ್ರು. ನಾನೇನೂ ಅಂದಿಲ್ರಿ.”

ಮಾಲಕರು ಎ.ಸಿ. ರಿಮೋಟು ಹುಡುಕತೊಡಗಿದರು. ಸರ್ ನನ್ನ ಕೈಗಳನ್ನು ನೋಡಿದರು, ಹೆಬ್ಬೆರಳಿನ ಗಾಯಕ್ಕೆ ಕಟ್ಟಿದ್ದ ಪಟ್ಟಿಯನ್ನು ನೋಡಿದರು. ಈಗ ತಪ್ಪಾಯಿತು ಎನ್ನುತ್ತಾರೆ ಎಂದು ನಾನು ಕಾದೆ, ಸುಳ್ಳೇಕೆ ಹೇಳಲಿ. ಅವರು ನಿಟ್ಟುಸಿರು ಬಿಟ್ಟರು.

“ನಿಮ್ಮ ಮನ್ಯಾಗ ಕೆಲಸ ಬಿಟ್ಟು ಭಾಳ ವರ್ಷ ಆತು. ಹಿಂಗಾಗಿ ಕೈ ಹೋಗ್ಯಾವ. ಇರ್ಲಿ, ನೀ ಲ್ಯಾಬಿಗೇ ಹೋಗು.”

ಮನುಷ್ಯನ ಕಾಲಿನಿಂದ ರಕ್ತ ಹರಿದರೂ ತಲೆಯೊಳಗಿನದು ಅಲ್ಲಾಡಲಿಲ್ಲ ನೋಡಿ. ಆದರೆ ನನಗೆ ಲ್ಯಾಬು ಸಿಕ್ಕಿತ್ತು, ಅದರ ಮುಂದೆ ಉಳಿದದ್ದೆಲ್ಲ ಹಾಳಾಗಿ ಹೋಗಲಿ ಎನಿಸಿತು. ಆಯಿ ಆ ದಸರೆಗೆ ಹೋಳಿಗೆ ಮಾಡಿದಳು. ಅಪ್ಪ, “ನಾ ಹೇಳಿದ್ದಿಲ್ಲೇನು, ಹಲ್ಲ ಕಚ್ಚಿ ಹಿಡಿ ಅಂತ” ಎಂದ. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ರಜೆ ಮುಗಿದು ಲ್ಯಾಬಿಗೆ ಹೋದೆ. ಅಲ್ಲಿಯ ಮೇಡಂ ಮೊದಲ ದಿನವೇ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿಯನ್ನು ಹೇಗೆ ತೆಳ್ಳಗೆ ಎಳೆಯಬೇಕು ಎಂದು ತೋರಿಸಿದರು. ನಾನು ಕೆಡಿಸಿದೆ. ಮತ್ತೆ ತೋರಿಸಿದರು. ಮತ್ತೆ ಕೆಡಿಸಿದೆ. ಯಾರೂ ನನ್ನ ಅಜ್ಜನನ್ನು ಕೇಳಲಿಲ್ಲ. ಆಮೇಲೆ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟೆ. ಜಡೆ ಎಳೆಯುವವರು ಯಾರೂ ಇರಲಿಲ್ಲ. ಬಸ್ಸಿನಲ್ಲಿ ಮನೆಗೆ ಹೋಗುವಾಗ ನನಗೆ ಕಾರಣವಿಲ್ಲದೆ ನಗು ಬರುತ್ತಿತ್ತು.

ಅದೇ ವಾರ ಕಾಲೇಜಿನ ಗೇಟಿನ ಹತ್ತಿರ ಸೈನ್ಸಿನದೇ ಬೇರೆ ಸೆಕ್ಷನ್ನಿನ ಒಬ್ಬಳು ಹುಡುಗಿ ನನ್ನನ್ನು ತಡೆದಳು. ಸಣ್ಣ ದನಿ, ಎರಡು ಜಡೆ.

“ರಾಯಾಪುರದ ಚಪ್ಪಲಿ ಕಾರ್ಖಾನಿಗೆ ನೀವ ಹೋಗ್ತಿದ್ರೆಲ್ರಿ? ಯಾವ ಸ್ಟಾಪಿಗೆ ಇಳೀಬೇಕ್ರಿ?”

“ಯಾಕ?”

“ನಿಮ್ಮ ಜಾಗಕ್ಕ ಸರ್ ನನ್ನ ಹಾಕ್ಯಾರ್ರಿ. ನಮ್ಮಜ್ಜ ಮಾರ್ಕೆಟ್ಟಿನ್ಯಾಗ ಚಪ್ಪಲಿ ರಿಪೇರಿಗೆ ಕುಂದರ್ತಾನ್ರಿ. ‘ನಿಮ್ಮ ಮನ್ಯಾಗ ಕೆಲಸ ಇನ್ನೂ ಚಾಲೂ ಅದ, ನಿನಗ ಕೈ ಇರ್ತದ’ ಅಂದ್ರರಿ.”

“ನಿನಗ ಬರ್ತೈತೇನು?”

“ಇಲ್ರಿ. ನಾ ಪೆಟಗಿ ಮುಟ್ಟಿದ್ರ ನಮ್ಮಜ್ಜ ಕೈ ಮ್ಯಾಲೆ ಹೊಡೀತಾನ್ರಿ. ಓದು ಅಂತಾನ್ರಿ.”

ಸ್ಟಾಪಿನ ಹೆಸರು ಹೇಳಿ ಕಳಿಸಿಬಿಡಬಹುದಿತ್ತು. ಲ್ಯಾಬಿಗೆ ಹೊತ್ತಾಗಿತ್ತು. ಅವಳ ಸಂಕಟ ಅವಳಿಗೆ, ನನ್ನದು ಮುಗಿದಿದೆ ಎಂದು ಒಂದು ಗಳಿಗೆ ಅಂದುಕೊಂಡೆ. ಆದರೆ ನನ್ನ ಸಿಟ್ಟು ನನ್ನ ಮಾತು ಕೇಳುವಂಥದ್ದಲ್ಲ. ಅವಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ.

ಸರ್ ಸ್ಟಾಫ್ ರೂಮಿನಲ್ಲಿ ಒಬ್ಬರೇ ಇದ್ದರು. ಬಲಗಾಲಿಗೆ ಬ್ಯಾಂಡೇಜು, ಎಡಗಾಲಿಗೆ ಹಳೆಯ ಚಪ್ಪಲಿ, ಎರಡನ್ನೂ ಮುಂದಕ್ಕೆ ಚಾಚಿ ಕೂತಿದ್ದರು.

“ಏನು ತಂಗಿ, ಈಗೇನು? ಲ್ಯಾಬ್ ಸಿಕ್ತಲ್ಲ.”

“ಸಿಕ್ತ್ರಿ. ಈಕಿಗೂ ಚಪ್ಪಲಿ ಕೆಲಸ ಬರಂಗಿಲ್ಲಂತ್ರಿ. ನಿಮ್ಮ ಇನ್ನೊಂದು ಕಾಲಿನ ಅಳತಿ ಕೊಡ್ರಿ, ಒಯ್ತಾಳ.”

ಸರ್ ಎರಡೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಅವರ ಮುಖ ಕೆಂಪಾದದ್ದನ್ನು ನಾನು ಮೊದಲ ಸಲ ನೋಡಿದೆ. ದನಿ ಮಾತ್ರ ಆಗಲೂ ಏರಲಿಲ್ಲ.

“ಲ್ಯಾಬಿನ್ಯಾಗ ಇದ್ದದ್ದು ಒಂದೇ ಸೀಟು. ನಿನಗ ಅಷ್ಟು ಕರುಣಾ ಇದ್ರ ನಿನ್ನ ಲ್ಯಾಬ್ ಈಕಿಗೆ ಕೊಡ್ಲೇನು? ನೀ ಮತ್ತ ಎಲ್ಲಿಗೂ ಇಲ್ಲ, ಮಾರ್ಕ್ಸೂ ಇಲ್ಲ. ಹೇಳು.”

ನಾನು ಹಿಂದೆ ಸರಿಯುತ್ತೇನೆ ಎಂದು ಅವರಿಗೆ ಖಾತ್ರಿಯಿತ್ತು. ಆ ಹುಡುಗಿ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಳ್ಳಲು ನೋಡಿದಳು. ನಾನು ಬಿಡಲಿಲ್ಲ.

“ಕೊಡ್ರಿ” ಎಂದೆ.

ಕೊಟ್ಟರು. ಕೊಡಲಿಕ್ಕಿಲ್ಲ ಎಂದುಕೊಂಡೇ ನಾನು ಹಾಗೆ ಅಂದದ್ದು. ಆ ಹುಡುಗಿ ನನ್ನ ಬದಲು ಲ್ಯಾಬಿನಲ್ಲಿ ಕಲಿತಳು, ಓದು ಮುಗಿಸಿ ಈಗ ಅಲ್ಲೇ ಕೆಲಸ ಮಾಡುತ್ತಾಳೆ. ಆಯಿಗೆ ಶುಗರ್ ಬಂದ ಮೇಲೆ ಅವಳನ್ನು ಪರೀಕ್ಷೆಗೆ ಕರೆದುಕೊಂಡು ಹೋಗುವವಳು ನಾನೇ. ಹುಡುಗಿ ಆಯಿಯ ಬೆರಳನ್ನು ಹಗುರವಾಗಿ ಹಿಡಿದು ರಕ್ತ ತೆಗೆಯುತ್ತಾಳೆ, ಆಯಿ ಅವಳ ಗಲ್ಲ ಸವರುತ್ತಾಳೆ. ನಾನು ಹೊರಗಿನ ಬೆಂಚಿನಲ್ಲಿ ಕೂತು ಗಾಜಿನ ಆಚೆ ನೋಡುತ್ತೇನೆ. ಅವಳು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಾಗ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.